ವಿಶಾಲಮ್ಮನ ಕಾರಿಗೆ ನೆನಪು ಬಂದದ್ದು

"ಸುತ್ತಿಗೆ ಮುಟ್ಟಲ್ಲ, ಬಣ್ಣ ಬಳಿಯಲ್ಲ. ನಿಮ್ಮ ಕಾರು ಮದುಮಗಳ ಥರ ಎದ್ದು ಬರದೇ ಇದ್ರೆ ನನ್ನ ಹೆಸರು ಮೋನಪ್ಪಾಚಾರಿನೇ ಅಲ್ಲ, ವಿಶಾಲಕ್ಕ!"

ಗ್ಯಾರೇಜಿನ ಮೋನಪ್ಪಾಚಾರಿ ಹೆಸರನ್ನು ಪಣಕ್ಕಿಡುವುದು ಕಂಚಿಕೆರೆಗೆ ಹೊಸದಲ್ಲ. ಲೆಕ್ಕದ ಪ್ರಕಾರ ಅವನಿಗೆ ಈಗ ಹೆಸರೇ ಉಳಿದಿರಬಾರದು. ಅವನು ಕಂಡುಹಿಡಿದ ತೇಲುವ ಮೊಪೆಡ್ಡು ಇನ್ನೂ ಕೆರೆಯ ತಳದಲ್ಲೇ ಇದೆ.

ಈ ಸಲದ ಯಂತ್ರದ ಹೆಸರು ಸ್ಮೃತಿಶಾಖ. ನೋಡಲು ಇಡ್ಲಿ ಪಾತ್ರೆಗೆ ಡಿಶ್ ಆಂಟೆನಾ ಕಟ್ಟಿದ ಹಾಗಿತ್ತು.

"ತಗಡಿಗೆ ಎಲ್ಲಾ ನೆನಪಿರುತ್ತೆ ಅಕ್ಕ. ಫ್ಯಾಕ್ಟರಿಯಿಂದ ಹೊರಟ ದಿನ ಹೇಗಿದ್ದೆ ಅಂತ ಒಂಚೂರು ನೆನಪು ಮಾಡಿಕೊಟ್ರೆ ತಾನೇ ನೆಟ್ಟಗಾಗುತ್ತೆ!"

ವಿಶಾಲಮ್ಮನಿಗೆ ನಂಬಿಕೆ ಇರಲಿಲ್ಲ, ಆದರೆ ಬೇರೆ ದಾರಿಯೂ ಇರಲಿಲ್ಲ. ಅಪ್ಪ ಕಟ್ಟಿದ 'ಸುಗಮ ಡ್ರೈವಿಂಗ್ ಸ್ಕೂಲ್'ಗೆ ಇದ್ದದ್ದು ಆ ಹಳೆಯ ಅಂಬಾಸಿಡರ್ ಒಂದೇ. ಕಲಿಯಲು ಬಂದವರೆಲ್ಲ ನೆನಪಿಗೆಂದು ಒಂದೊಂದು ನೆಗ್ಗು ಬಿಟ್ಟು ಹೋಗಿದ್ದರು. ಆದರೂ ಜನ ಬರುತ್ತಿದ್ದರು, ಏಕೆಂದರೆ ಬೋರ್ಡಿನ ಮೇಲೆ 'ಇಂದಿನವರೆಗೆ ಫೇಲಾದವರಿಲ್ಲ' ಎಂದು ಬರೆದಿತ್ತು. ಅವಳ ಅನ್ನ ಬರುತ್ತಿದ್ದದ್ದು ಆ ಒಂದು ಸಾಲಿನಿಂದ.

ಆಚಾರಿ ಗುಂಡಿ ಒತ್ತಿದ. ಡಬ್! ಡಬಡಬ್! ನೆಗ್ಗುಗಳೆಲ್ಲ ಪೂರಿಯಂತೆ ಉಬ್ಬಿ ಸಮವಾದವು. ವಿಶಾಲಮ್ಮ ಹಿರಿಹಿರಿ ಹಿಗ್ಗಿ ಸೀಟಿನಲ್ಲಿ ಕೂತು ಗಾಡಿ ಎತ್ತಿದಳು. ನಾಲ್ಕು ಮಾರು ಹೋಗುವಷ್ಟರಲ್ಲಿ ಕಾರು ಮೆಲ್ಲಗೆ ನಿಂತುಬಿಟ್ಟಿತು. ಅವಳು ಬ್ರೇಕ್ ಮುಟ್ಟಿರಲಿಲ್ಲ! ಕಲಿಸುವವರಿಗೆಂದು ಎಡಗಡೆ ಕೂರಿಸಿದ್ದ ಇನ್ನೊಂದು ಜೊತೆ ಪೆಡಲ್ ತಾನೇ ಒತ್ತಿಕೊಂಡಿತ್ತು.

"ಯಾರಯ್ಯ ಅದು ನನಗೆ ಬ್ರೇಕ್ ಹಾಕೋದು?"

"ಯಾರೂ ಇಲ್ಲ ಅಕ್ಕ. ನೆನಪು ಸ್ವಲ್ಪ ಜಾಸ್ತಿ ಬಂದಂಗಿದೆ."

"ಊರಿಗೆಲ್ಲ ಡ್ರೈವಿಂಗ್ ಕಲಿಸಿದ ನನಗೇ ಇದು ಕಲಿಸುತ್ತಾ?"

"ಕಲೀರಿ ಬಿಡಿ, ವಿದ್ಯೆಗೆ ವಯಸ್ಸಿಲ್ಲ!"

"ಮೊದಲಿನ ಥರ ಮಾಡಿಕೊಡು ಅಷ್ಟೇ!"

"ಮರೆಸೋ ಯಂತ್ರ ಇನ್ನೂ ತಲೇಲೇ ಇದೆ ಅಕ್ಕ."

ವಿಶಾಲಮ್ಮ ಕಾಲ್ನಡಿಗೆಯಲ್ಲೇ ವಕೀಲ ಜಿನದತ್ತಯ್ಯನ ಮನೆಗೆ ಹೋದಳು.

"ಜಗಳ ಆಡಬೇಡಿ ಮೇಡಂ," ಎಂದ ವಕೀಲ. "ಮೊದಲು ಫೋಟೋ ತೆಗೀರಿ. ಏನು ಕೆಟ್ಟಿದೆ ಅಂತ ಬೇರೆ ಮೆಕ್ಯಾನಿಕ್ ಕೈಲಿ ಬರೆಸಿಕೊಳ್ಳಿ. ಆಮೇಲೆ ಆಚಾರಿಗೆ ನೋಟಿಸು. ಸರಿ ಮಾಡಿಕೊಡಲಿಲ್ಲ ಅಂದ್ರೆ ಗ್ರಾಹಕರ ಆಯೋಗ. ಸೇವಾ ನ್ಯೂನತೆ! ಗೆದ್ದೇ ಗೆಲ್ತೀವಿ!"

ಫೋಟೋದಲ್ಲಿ ಕಾರು ಫಳಫಳ ಹೊಳೆಯಿತು. ಬೇರೆ ಮೆಕ್ಯಾನಿಕ್ಕು ಸುತ್ತಲೂ ನೋಡಿ, "ಕೆಟ್ಟಿರೋದು ಯಾವ ಗಾಡಿ?" ಎಂದು ಕೇಳಿದ. ಕೊನೆಗೆ ವಕೀಲನೇ ಪರೀಕ್ಷಿಸಲು ಬಂದ. ಅವನನ್ನು ಕಂಡದ್ದೇ ತಡ, ಕಾರು ಪೀಂ ಪೀಂ ಎಂದು ಹಾರನ್ ಬಾರಿಸಿ, ಬಾಗಿಲು ತೆರೆದು, ಕೂತವನನ್ನು ಸೀದಾ ಆರ್‌ಟಿಓ ಮೈದಾನಕ್ಕೆ ಒಯ್ದು ಲೈಸೆನ್ಸ್ ಟೆಸ್ಟಿನ ಎಂಟು ಹಾಕಿಸಿ ಕರೆತಂದಿತು. ಜಿನದತ್ತಯ್ಯ ಬೆವರು ಒರೆಸಿಕೊಳ್ಳುತ್ತ ಇಳಿದ.

"ನಾನು ಲೈಸೆನ್ಸ್ ತಗೊಂಡ ದಿನಾನೂ ಹೀಗೇ ಆಗಿತ್ತು ಮೇಡಂ. ಪೆಡಲ್ ತಾನಾಗೇ ಒತ್ತಿಕೊಂಡಿತ್ತು. ದೇವರ ದಯೆ ಅಂದುಕೊಂಡಿದ್ದೆ!"

ದೇವರದಲ್ಲ, ವಿಶಾಲಮ್ಮನ ಎಡಗಾಲಿನ ದಯೆ! ಟೆಸ್ಟಿನ ದಿನ ಪಕ್ಕದಲ್ಲಿ ಕೂತು, ಸೀರೆಯ ನೆರಿಗೆಯ ಮರೆಯಲ್ಲಿ ಅವಳೇ ಪೆಡಲ್ ತುಳಿಯುತ್ತಿದ್ದಳು. ಅಪ್ಪನ ಕಾಲದಿಂದ ಬಂದ ಪದ್ಧತಿ ಅದು. ಆಯೋಗದ ಮುಂದೆ ಈ ಗುಟ್ಟು ಒಡೆದರೆ ಸ್ಕೂಲಿಗೆ ಬೀಗ; ಕೇಸು ಹಾಕದಿದ್ದರೆ ಕಾರಿಲ್ಲದೆ ಬೀಗ. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಆಚಾರಿಯ ಮೇಲಿನ ಸಿಟ್ಟು ಹೆದರಿಕೆಗಿಂತ ಒಂದು ತೂಕ ಹೆಚ್ಚಾಗಿದ್ದರಿಂದ ಕೇಸು ಹಾಕಿಯೇಬಿಟ್ಟಳು.

ಆಚಾರಿ ವಕೀಲರನ್ನು ಇಟ್ಟುಕೊಳ್ಳಲಿಲ್ಲ. ತನ್ನ ಯಂತ್ರದ ಬಗ್ಗೆ ಇನ್ನೊಬ್ಬ ಮಾತಾಡುವುದು ಅವನಿಗೆ ಸೇರದು.

"ತಾಯಿ," ಎಂದು ಆಯೋಗದ ಅಧ್ಯಕ್ಷೆಗೆ ಕೈಮುಗಿದ, "ತಗಡು ಸುಳ್ಳು ಹೇಳಲ್ಲ. ಆಗಿದ್ದನ್ನೇ ನೆನೆಸಿಕೊಳ್ಳುತ್ತೆ. ಎಡಗಡೆ ಪೆಡಲ್ ತುಳಿದ ಕಾಲು ಯಾರದು ಅಂತ ವಿಶಾಲಕ್ಕನ್ನೇ ಕೇಳಿ! ಅವರು ಓಡಿಸಿದ್ರೂ ಅವರ ಕಾಲೇ ಅಡ್ಡ ಬರುತ್ತೆ!"

"ಬಾಯಿ ಮುಚ್ಚೋ!" ವಿಶಾಲಮ್ಮ ಎದ್ದು ನಿಂತಳು. "ನಾನು ಓಡಿಸೋವಾಗ ತುಳಿಯೋದು ನನ್ನ ಕಾಲಲ್ಲ. ನಮ್ಮಪ್ಪನ ಕಾಲು!"

ಅಂದ ಮೇಲೆ ಅವಳಿಗೇ ಅರಿವಾಯಿತು. ಆಡಿದ ಮಾತು, ಒಡೆದ ಮುತ್ತು. ಆ ಮೆತ್ತನೆಯ ಬ್ರೇಕನ್ನು ಅವಳು ಮೊದಲ ದಿನವೇ ಗುರುತಿಸಿದ್ದಳು. ಅಪ್ಪ ಯಾವತ್ತೂ ಜರ್ಕು ಹೊಡೆಸಿದವರಲ್ಲ. ಅವಳು ಸ್ಟೀರಿಂಗ್ ಹಿಡಿದಾಗಲೆಲ್ಲ ಎಡಗಡೆ ಕೂತು ತುಳಿದವರು ಅವರೇ; ಅವರ ನಂತರ ಅವಳೂ ಎಡಗಡೆಗೇ ಸರಿದಿದ್ದಳು.

"ನಂಗೂ ಎಂಟು ಹಾಕೋಕೆ ಬರಲ್ಲ," ಎಂದಳು ಸಣ್ಣ ದನಿಯಲ್ಲಿ. "ನಾನು ಯಾರಿಗೂ ಕಲಿಸಿಯೂ ಇಲ್ಲ."

ಅಷ್ಟರಲ್ಲಿ ಕಿಟಕಿಯ ಕೆಳಗಿಂದ ಪೀಂ ಪೀಂ! ಸಾಕ್ಷಿಗೆಂದು ತಂದು ನಿಲ್ಲಿಸಿದ್ದ ಕಾರು ಬಾಗಿಲು ತೆರೆದುಕೊಂಡು ತನ್ನ ಹಳೆಯ ಶಿಷ್ಯರನ್ನು ಕರೆಯುತ್ತಿತ್ತು. ಗುಮಾಸ್ತರು ಫೈಲಿನ ಹಿಂದೆ ಮುಖ ಮರೆಸಿದರು. ತಜ್ಞರಾಗಿ ಬಂದಿದ್ದ ಎಂಜಿನಿಯರು ಬಗ್ಗಿ ಶೂ ಲೇಸು ಕಟ್ಟತೊಡಗಿದರು. ಅವರು ಹಾಕಿದ್ದದ್ದು ಚಪ್ಪಲಿ. ಹಾರನ್ ನಿಲ್ಲಲಿಲ್ಲ. ಕೊನೆಗೆ ಅಧ್ಯಕ್ಷೆ ಕನ್ನಡಕ ತೆಗೆದಿಟ್ಟು, ಯಾರ ಮುಖವನ್ನೂ ನೋಡದೆ ಕೆಳಗಿಳಿದು ಹೋಗಿ ಸೀಟಿನಲ್ಲಿ ಕೂತರು.

ಒಂದು ಎಂಟು ಹಾಕಿ ಬಂದವರೇ ಆದೇಶ ಕೊಟ್ಟರು. ಎಡಗಡೆಯ ಪೆಡಲ್‌ಗಳನ್ನು ಆಚಾರಿ ಇವತ್ತೇ, ತನ್ನ ಖರ್ಚಿನಲ್ಲಿ, ಕತ್ತರಿಸಿ ಹಾಕಬೇಕು. ಗರಗಸದಿಂದ ಮಾತ್ರ. ಯಂತ್ರ ಮುಟ್ಟಕೂಡದು! ವಿಶಾಲಮ್ಮ ಬೋರ್ಡು ಅಳಿಸಿ, ಊರಿಗೆಲ್ಲ ಮೊದಲಿನಿಂದ ಕಲಿಸಬೇಕು. ಅದಕ್ಕೂ ಮೊದಲು ತಾನು ಕಲಿಯಬೇಕು.

ಸಂಜೆ ಗ್ಯಾರೇಜಿನಲ್ಲಿ ಪೆಡಲ್‌ಗಳು ಕಳಚಿ ಬಿದ್ದವು. ವಿಶಾಲಮ್ಮ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಜೀವನದಲ್ಲಿ ಮೊದಲ ಸಲ ಅಪ್ಪನ ಕಾಲಿಲ್ಲದೆ ಗಾಡಿ ಎತ್ತಿದಳು. ಕಾರು ತಡೆಯಿಲ್ಲದೆ ಚಿಗರೆಯಂತೆ ನೆಗೆದು, ಸೀದಾ ಹೋಗಿ ಸ್ಮೃತಿಶಾಖಕ್ಕೆ ಗುದ್ದಿತು. ಆಂಟೆನಾ ಒಂದು ಕಡೆ, ಇಡ್ಲಿ ಪಾತ್ರೆ ಒಂದು ಕಡೆ! ಕಾರಿನ ಮೂತಿಗೆ ಹೊಸ ನೆಗ್ಗು ಬಿತ್ತು.

"ಅಯ್ಯಯ್ಯೋ ನನ್ನ ಯಂತ್ರ!" ಆಚಾರಿ ತಲೆಯ ಮೇಲೆ ಕೈಹೊತ್ತ. "ಬಿಡಲ್ಲ ವಿಶಾಲಕ್ಕ, ಈಗಲೇ ಹೋಗಿ ಕೇಸು ಹಾಕ್ತೀನಿ!"

"ಹಾಕಪ್ಪ," ಎಂದಳು ವಿಶಾಲಮ್ಮ. "ಆದ್ರೆ ನಡ್ಕೊಂಡು ಹೋಗು. ಈ ಊರಲ್ಲಿ ಯಾರಿಗೂ ಗಾಡಿ ಓಡಿಸೋಕೆ ಬರಲ್ಲ."