ಧ್ರುವದ ಕೆಸರು, ಅತ್ತೆಯ ಮೊರ

ದಕ್ಷಿಣ ಧ್ರುವದ ಅಂಚಿನ ಕಡಲತಳದಲ್ಲಿ ಕೆಸರು ಹೇಗೆ ಪದರಪದರವಾಗಿ ಕೂತಿತು ಎಂದು ಕಂಡುಹಿಡಿಯುವುದು ನನ್ನ ಕೆಲಸ. ಸಾವಿರಾರು ವರ್ಷ ಅಲ್ಲಾಡದೆ ಬಿದ್ದಿದ್ದ ಆ ಕೆಸರಿಗೆ ಮೈಸೂರಿಗೆ ಬಂದ ಮೇಲೆ ನೆಮ್ಮದಿಯಿಲ್ಲ, ನನಗಂತೂ ಮೊದಲೇ ಇಲ್ಲ. ದಿನಕ್ಕೊಂದು ಆಗುತ್ತಲೇ ಇರುತ್ತದೆ.

೧

ಲ್ಯಾಬಿಗೆ ಬಣ್ಣ ಬಳಿಯಲು ಶುರುಮಾಡಿದರು. ಸೋಮವಾರದೊಳಗೆ ಏಳು ಪದರಗಳ ಕೆಸರಿನಿಂದ ಕಲ್ಲು ಬೇರ್ಪಡಿಸಿ ಗೈಡ್ ಮೇಡಂಗೆ ತೋರಿಸದಿದ್ದರೆ ನನ್ನ ಪಿಎಚ್‌ಡಿ ಇನ್ನೊಂದು ವರ್ಷ ಮುಂದಕ್ಕೆ. ಒಣಗಿಸಿದ ಕೆಸರಿನ ಏಳು ಪೊಟ್ಟಣ ಅವಚಿಕೊಂಡು ಮನೆಗೆ ಆಟೋ ಹತ್ತಿದೆ.

"ಏನ್ ಮೇಡಂ ಅದು?"

"ಮಣ್ಣು. ದಕ್ಷಿಣ ಧ್ರುವದ್ದು."

ಆಟೋದವನು ಬೇಜಾರಿನಿಂದ ತಿರುಗಿ ನೋಡಿದ. "ಮಣ್ಣಿಗೋಸ್ಕರ ಅಷ್ಟ್ ದೂರ ಹೋದ್ರಾ? ಹಿನಕಲ್ ಹತ್ರ ನಮ್ದೇ ಹೊಲ ಇತ್ತು. ಲೇಔಟ್ ಮಾಡೋಕ್ ಮುಂಚೆ ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

೨

ವಿದ್ಯಾರಣ್ಯಪುರಂ ಮನೆಯಲ್ಲಿ ಅತ್ತೆ ಕೇಳಿದರು, "ಮಣ್ಣಲ್ಲಿ ಕಲ್ಲು ಹೆಂಗೆ ಬಂತು?"

ಹಿಮವು ಬೆಟ್ಟವನ್ನು ಅರೆಯುತ್ತಾ ಕಡಲಿಗೆ ಜಾರುತ್ತದೆ, ಅದರ ತುಂಡು ಒಡೆದು ತೇಲುತ್ತದೆ, ಕರಗಿದಂತೆ ಒಳಗಿನ ಕಲ್ಲು ತಳದ ಕೆಸರಿಗೆ ಉದುರುತ್ತದೆ ಎಂದೆ. ಅರ್ಥವಾಗಲೆಂದು, "ರಿಂಗ್ ರೋಡಲ್ಲಿ ಜಲ್ಲಿ ಲಾರಿ ಉದುರಿಸ್ಕೊಂಡು ಹೋಗಲ್ವಾ, ಹಾಗೆ" ಎಂದೂ ಸೇರಿಸಿದೆ.

ಅತ್ತೆ ಗಂಭೀರವಾದರು. "ಅಲ್ಲೂ ಯಾರೂ ಟಾರ್ಪಾಲ್ ಮುಚ್ಚಲ್ವಾ?"

೩

ಪಕ್ಕದ ಮನೆಯಾಕೆ ಮೆಲ್ಲಗೆ ಬಂದರು. "ಐಸ್ ಕೆಳಗಿನ ಮಣ್ಣಂತೆ, ತಂಪು ಅಲ್ವಾ? ಮುಖಕ್ಕೆ ಹಚ್ಕೊಳ್ಳೋಕೆ ಒಂಚೂರು ಕೊಡಿ."

ನಾನು ಪೊಟ್ಟಣಗಳನ್ನು ಹಿಂದಕ್ಕೆ ಎಳೆದುಕೊಂಡೆ. "ಹತ್ತು ಸಾವಿರ ವರ್ಷ ಹಳೇದು ಕಣ್ರೀ!"

"ಅಯ್ಯೋ, ಹಾಗಾದ್ರೆ ಎಕ್ಸ್‌ಪೈರಿ ಆಗಿರುತ್ತೆ, ಬೇಡ ಬಿಡಿ."

೪

ಭಾನುವಾರ ಯಾದವಗಿರಿಯ ಮೇಡಂ ಮನೆಯಿಂದ ಸಣ್ಣ ಜರಡಿ ತರಲು ಹೋದೆ, ಬೀಗ ಹಾಕಿತ್ತು. ವಾಪಸ್ ಬಂದರೆ ಅತ್ತೆ ಕನ್ನಡಕ ಏರಿಸಿ, ಮೊರ ಹಿಡಿದು ಕೂತಿದ್ದಾರೆ.

"ಎಷ್ಟು ಕಲ್ಲಿತ್ತು ಕಣಮ್ಮ ನಿನ್ನ ಮಣ್ಣಲ್ಲಿ! ಎಲ್ಲಾ ಆರಿಸ್ಬುಟ್ಟೆ."

ನಾನು ಪೊಟ್ಟಣಗಳತ್ತ ಓಡಿದೆ. "ಅತ್ತೆ, ಆ ಕಲ್ಲೇ ನನ್ನ ಪಿಎಚ್‌ಡಿ!"

"ಎಸೆದಿಲ್ಲ ಕಣೇ, ಗಾಬರಿ ಯಾಕೆ?" ಎಂದು ಒಗ್ಗರಣೆ ಡಬ್ಬಿ ಮುಂದಿಟ್ಟರು. ಸಾಸಿವೆ, ಜೀರಿಗೆ ಎಲ್ಲ ಖಾಲಿ ಮಾಡಿ, ಏಳು ಬಟ್ಟಲಲ್ಲಿ ಏಳು ಪೊಟ್ಟಣದ ಕಲ್ಲು. ಪೊಟ್ಟಣದ ಚೀಟಿಗಳೂ ಆಯಾ ಬಟ್ಟಲಲ್ಲೇ. ಮಣ್ಣು ಅದರದರ ಪೊಟ್ಟಣಕ್ಕೆ ವಾಪಸ್. ಆದರೂ ಒಂದೆರಡು ಕಲ್ಲು ತಪ್ಪಿದ್ದರೆ ಎಂಬ ಭಯ. ಹೊಸಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಹೊಸಿಲಿಗೆ ಓಡಾಡಿದ್ದೇ ಓಡಾಡಿದ್ದು.

ಲ್ಯಾಬಿನ ಬಣ್ಣ ಇನ್ನೂ ಮುಗಿದಿರಲಿಲ್ಲ, ಸೋಮವಾರ ಮೇಡಂ ನಮ್ಮ ಮನೆಗೇ ಬಂದರು. ಏಳೂ ಪೊಟ್ಟಣದ ಮಣ್ಣನ್ನು ತಮ್ಮ ಜರಡಿಯಲ್ಲಿ ಸೋಸಿದರು. ಒಂದೇ ಒಂದು ಕಲ್ಲು ಸಿಗಲಿಲ್ಲ. ಡಬ್ಬಿ ನೋಡಿದರು, ನನ್ನನ್ನು ನೋಡಿದರು.

"ಇದು ಮೂರು ದಿನದ ಕೆಲಸ. ಇಷ್ಟು ಅಚ್ಚುಕಟ್ಟಾಗಿ ಯಾರು ಮಾಡಿದ್ದು?"

ಕಾಫಿ ತಂದ ಅತ್ತೆ ನಾಚಿಕೊಂಡರು. "ಇದೇನ್ ಮಹಾ ಕಣ್ರೀ. ಆಗಿನ ರೇಷನ್ ಅಕ್ಕೀಲಿ ಇದಕ್ಕಿಂತ ಜಾಸ್ತಿ ಕಲ್ಲಿರ್ತಿತ್ತು!"