ಬಸ್ಸಿನಾಗ ಬಂದ ರೊಟ್ಟಿ

ದಿನಾ ಬಸ್ಸು ಹತ್ತೋ ಹೆಣ್ಮಕ್ಕಳ ಊಟದ ಪಾಡು ಕೇಳಬ್ಯಾಡ್ರಿ, ಒಂದಿಲ್ಲೊಂದು ಆಗತಾನ ಇರತೈತಿ. ನಾನು ಕಾನಹೊಸಹಳ್ಳಿಯಾಕಿ. ಕೂಡ್ಲಿಗಿಯ ಒಂದು ಖಾನಾವಳಿಯಾಗ ರೊಟ್ಟಿ ಬಡೀತೀನಿ. ಸಂಜಿಗೆ ಮನಿಗೆ ಬಂದ್ರೂ ಅದಾ ಕೆಲಸ, ಯಾಕಂದ್ರ ನಮ್ಮ ಅತ್ತಿಯ ಕೈಗೆ ನೋವು. ಬ್ಯಾರೆಯವರು ಬಡಿದ ರೊಟ್ಟಿ ಒಂದಿನ ಕುಂತು ತಿನ್ನಬೇಕು, ಅಷ್ಟಾ ನನ್ನ ಆಸಿ.

ಸೀಟು ಹಿಡಿದ ಬದ್ನಿಕಾಯಿ

ಬಸ್ಸು ಫ್ರೀ ಆದಮ್ಯಾಲೆ ಊರಾಗಿನ ಬಾಡಿದ ಕಾಯಿಪಲ್ಯೆ ಯಾಕಂತ ನಾನೂ ಕೂಡ್ಲಿಗಿ ಸಂತಿ ಹಿಡಿದೆ. ಸಂತಿ ದಿನ ಮೊದಲು ಕಿಟಕಿಯಾಗಿಂದ ಚೀಲ ಒಗೆದು ಸೀಟು ಹಿಡೀಬೇಕು, ಆಮ್ಯಾಲೆ ಬಾಗಲಿಗೆ ಓಡಬೇಕು. ಅವತ್ತು ದಣಿದ ಕಣ್ಣಿಗೆ ಬೋರ್ಡ್ ಕಾಣಲಿಲ್ಲ. ವಾರದ ಬದ್ನಿಕಾಯಿ ಇದ್ದ ಚೀಲ ಒಗೆದೆ. ನಾನು ಬಾಗಲಿಗೆ ಬರೋದ್ರಾಗ ಬಸ್ಸು ಹೊಂಟಾ ಬಿಡ್ತು, ನಮ್ಮೂರಿಗಲ್ಲ, ಹಡಗಲಿಗೆ!

ಅಳಕೋತ ಬಸ್‌ಸ್ಟ್ಯಾಂಡ್ ಸಾಹೇಬ್ರಿಗೆ ಹೇಳಿದೆ. "ಚಿಂತಿ ಬಿಡಕ್ಕ, ಅದಕ್ಕಂತೂ ಸೀಟು ಸಿಕ್ಕೈತಿ" ಅಂದ್ರು.

ಬದ್ನಿಕಾಯಿ ಕುಂತ್ಕೊಂಡು ಹೋತು, ನಾನು ನಿಂತ್ಕೊಂಡು ಮನಿಗೆ ಬಂದೆ.

ನಾಕು ಡಬ್ಬಿ

ಮುಂಜಾನಿ ಮನ್ಯಾಗ ತಿನ್ನಾಕ ಪುರುಸೊತ್ತಿಲ್ಲ, ಬಸ್ಸಿನ್ಯಾಗಾ ಡಬ್ಬಿ ಬಿಚ್ಚತೀವಿ. ಒಬ್ಬಾಕೇ ತಿನ್ನೋದು ನಮ್ಮ ಕಡಿ ಪದ್ಧತಿಯಲ್ಲ, ಪಕ್ಕದಾಕಿಗೆ ಕೊಟ್ಟಾ ತಿನ್ನಬೇಕು. ನಾಕು ಮಂದಿ ಡಬ್ಬಿ ಬದಲಾಯಿಸಿಕೊಂಡ್ವಿ. ನೋಡಿದ್ರ ನಾಕರಾಗೂ ನಿನ್ನಿನ ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ!

"ಏನಾ ಅನ್ನವ್ವ, ನಿಮ್ಮ ಮನಿ ಚಟ್ನಿ ರುಚೀನಾ ಬ್ಯಾರೆ" ಅಂತ ಒಬ್ಬರಿಗೊಬ್ಬರು ಹೊಗಳಿಕೋತ ತಿಂದ್ವಿ.

ನನ್ನ ಆಸಿ ತೀರಿದ ದಿನ

ಒಂದಿನ ಕಾಲು ಬಾತಿದ್ವು. "ಅತ್ತಿ, ನನಗೂ ಯಾರಾರ ಒಂದು ರೊಟ್ಟಿ ಬಡಿದು ಕೊಡಬಾರದೇನ್ರಿ?" ಅಂದುಬಿಟ್ಟೆ. ಆಕಿ ಎದ್ದು ಎದುರುಮನಿ ಕಟ್ಟಿಗೆ ಹೋಗಿ ಕುಂತ್ಲು.

ಮರುದಿನ ಸಂಜಿಗೆ ಬಂದ್ರ ತಾಟು ತಯಾರು! "ಕುಂದ್ರು, ಒಲಿ ಮುಟ್ಟಬ್ಯಾಡ" ಅಂದ್ಲು ಅತ್ತಿ. ಒಂದಿನಾನೂ ಹಿಂಗಂದಾಕಿ ಅಲ್ಲ. ನನ್ನ ಕಣ್ಣಾಗ ನೀರು ಬಂತು.

ರೊಟ್ಟಿ ಮುರಿದೆ. ಅಂಚು ಒಂದು ಕಡಿ ದಪ್ಪ. ಎರಡನೇದೂ ಹಂಗಾ. ಬೆರಳು ಸುಟ್ಟುಕೊಂಡಾಗಿಂದ ನಾನು ಬಡಿಯೋ ರೊಟ್ಟಿ ಹಿಂಗಾ ಆಗತಾವು.

"ಇವು ಎಲ್ಲಿವ್ರಿ ಅತ್ತಿ?"

"ಎದುರುಮನಿಯಾಕಿ ಕೂಡ್ಲಿಗಿಗೆ ಹೋಗಿದ್ಲು. ಒಳ್ಳೆ ಖಾನಾವಳಿ ನೋಡಿ ತಾರವ್ವ ಅಂದಿದ್ದೆ. ನಾನೂ ಒಂದು ತಿಂದೆ. ಆಹಾ, ರೊಟ್ಟಿ ಅಂದ್ರ ಹಿಂಗಿರಬೇಕು! ಹತ್ತು ವರ್ಷ ಆತು ನೀ ಬಂದು, ಒಂದಿನಾರ ಹಿಂಗ ಬಡಿದೀಯೇನು? ಆ ಹೆಣ್ಮಗಳು ಯಾರು ಕೇಳಿ, ಹೋಗಿ ಕಲ್ತು ಬಾ."

ಆರಿದ ರೊಟ್ಟಿ ಬಾಯಾಗ ಇಟ್ಟುಕೊಂಡು ಅಂದೆ, "ಆತ್ರಿ ಅತ್ತಿ. ನಾಳೆ ಮುಂಜಾನಿ ಮೊದಲ ಬಸ್ಸಿಗೇ ಹೋಗ್ತೀನಿ."