ಆರ್ದ್ರಾ ನಕ್ಷತ್ರಕ್ಕೆ ತಗಡಿನ ಡಬ್ಬ ಹಿಡಿದದ್ದು

ತಿ. ನರಸೀಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನಿಗೆ ನಂಜನಗೂಡಿನ ತನ್ನ ಹಿತ್ತಲಿನಿಂದ ಒಂದು ನಕ್ಷತ್ರದ ಉಸಿರು ಹಿಡಿಯುವುದು ಏನು ಮಹಾ? ಹೀಗೆಂದು ಸ್ಟಾಫ್ ರೂಮಿನಲ್ಲಿ ಸಾರಿದವನು ನಾನೇ.

ಆರ್ದ್ರಾ ಮುಪ್ಪಾದ ದೈತ್ಯ ನಕ್ಷತ್ರ. ಕೆಂಪಗೆ ಉಬ್ಬಿ, ತನ್ನ ಮೈಯ ಅನಿಲವನ್ನೇ ಸುತ್ತಲೂ ಹೊದಿಕೆಯಂತೆ ಊದಿಕೊಂಡಿದೆ. ಅದರಲ್ಲಿರುವ ಜಲಜನಕದ ಒಂಟಿ ಪರಮಾಣುಗಳು ಸಣ್ಣಗೆ ರೇಡಿಯೋ ಅಲೆ ಸೂಸುತ್ತವೆ. ಅದನ್ನು ಹಿಡಿಯಲು ಅಗಲ ಬಾಯಿಯ ತಗಡಿನ ಡಬ್ಬ, ಒಂದು ರಿಸೀವರ್, ಲ್ಯಾಪ್‌ಟಾಪ್ ಸಾಕು ಎಂಬುದು ನನ್ನ ಲೆಕ್ಕ. ತಗಡು ಕೊಟ್ಟಿಗೆಯ ಮೇಲಿತ್ತು. ಹೆಂಡತಿ ರಾಜಮ್ಮ ಪಕ್ಕದ ಕಳಲೆ ಊರಿಗೆ ಮದುವೆಗೆ ಹೋದಾಗ ಇಳಿಸಿದೆ. ಅವಳು ಬಂದಾಗ ಹಸು ಬಿಸಿಲಲ್ಲಿ ನಿಂತಿತ್ತು. ವಿಜ್ಞಾನಕ್ಕೆ ತ್ಯಾಗ ಬೇಕು ಎಂದೆ. ತ್ಯಾಗ ಮಾಡಿದ್ದು ಹಸು ತಾನೇ ಎಂದಳು.

ಫೆಬ್ರವರಿಯ ಒಂದು ಸಂಜೆ ಡಬ್ಬವನ್ನು ಆರ್ದ್ರೆಯತ್ತ ನಿಲ್ಲಿಸಿದೆ. ಲ್ಯಾಪ್‌ಟಾಪ್ ಪರದೆಯ ಗೆರೆ ನಿಧಾನಕ್ಕೆ ಉಬ್ಬಿ ಗುಡ್ಡವಾಯಿತು. ಜಲಜನಕ! ಮರುಸಂಜೆಯೇ ಸಹೋದ್ಯೋಗಿಗಳನ್ನೂ, ನನ್ನನ್ನು ಎಂದೂ ನಂಬದ ರಾಜಮ್ಮನ ತಮ್ಮ ಮಾದೇವನನ್ನೂ ಕರೆಸಿದೆ. ಗುಡ್ಡ ಎದ್ದಿತು. ಚಪ್ಪಾಳೆ ಬಿತ್ತು. ಮಾದೇವನೂ ತಟ್ಟಿದ. ನಾನು ಪರದೆಗೆ ಬೆನ್ನು ಹಾಕಿ ಭಾಷಣ ಶುರುಮಾಡಿದೆ.

ಅಷ್ಟರಲ್ಲಿ ಹಸು ಬಂದು ಡಬ್ಬದ ಸ್ಟ್ಯಾಂಡಿಗೆ ಕತ್ತು ಉಜ್ಜಿಕೊಂಡಿದೆ.

"ಏನ್ರೀ, ಡಬ್ಬ ಉತ್ತರಕ್ಕೆ ತಿರುಗೋಯ್ತು. ಗುಡ್ಡ ಮಾತ್ರ ಅಂಗೇ ಕುಂತದೆ" ಎಂದಳು ರಾಜಮ್ಮ.

ತಿರುಗಿ ನೋಡಿದೆ. ನಕ್ಷತ್ರ ಒಂದು ಕಡೆ, ಡಬ್ಬ ಇನ್ನೊಂದು ಕಡೆ, ಗುಡ್ಡ ಗಟ್ಟಿಯಾಗಿ ಅಲ್ಲೇ. ಆಕಾಶಗಂಗೆಯ ತುಂಬ ಜಲಜನಕವೇ ಇದೆ, ಅದರ ನಡುವೆ ಒಂದು ನಕ್ಷತ್ರದ ಹೊದಿಕೆ ಹುಡುಕುವುದೆಂದರೆ ಮದುವೆಯ ಅಡುಗೆಮನೆಯಲ್ಲಿ ಒಂದು ಲೋಟದ ಹಬೆ ಹುಡುಕಿದಂತೆ ಎಂದು ವಿವರಿಸಬೇಕಾಯಿತು.

"ಅಂದ್ರೆ ಭಾವ, ನೀವು ಕಂಡಿಡ್ದಿದ್ದು ಎಲ್ಲಾ ಕಡೆನೂ ಇರೋದ್ನಾ?" ಎಂದ ಮಾದೇವ.

"ಹೌದು ಕಣೋ. ಎಲ್ಲಾ ಕಡೆ ಇದ್ರೂ ನಮ್ಮ ಬೀದೀಲಿ ನನಗಿಂತ ಮುಂಚೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ!"

ಯಾರೂ ಎರಡನೇ ಸಲ ಚಪ್ಪಾಳೆ ತಟ್ಟಲಿಲ್ಲ. ಕಾಫಿ ಕುಡಿದು ಬಸ್ಸಿಗೆ ಹೊರಟರು.

ನಾನೇನು ಸೋಲೊಪ್ಪಲಿಲ್ಲ. ಆರ್ದ್ರೆ ಎಲ್ಲಿಗೆ ಓಡಿಹೋಗುತ್ತದೆ, ನೋಡಿಯೇ ಬಿಡುತ್ತೇನೆ, ಡಬ್ಬಕ್ಕೆ ಇನ್ನೂ ದೊಡ್ಡ ಬಾಯಿ ಬೇಕು ಅಷ್ಟೆ ಎಂದು ಘೋಷಿಸಿದೆ.

ರಾಜಮ್ಮ ಲೋಟ ಎತ್ತುತ್ತಾ ಹೇಳಿದಳು: "ಬಾಯೇನೋ ಆಗ್ಲೇ ಬೇಕಾದಷ್ಟು ದೊಡ್ಡದಾಗಿ ಅದೆ ಬುಡಿ."